ಅರ್ಧ ಸುತ್ತು ಸುಮ್ಮನೆ ತಿರುಗುವ ವೈಸ್

ಮೇಜಿಗೆ ಬಿಗಿದು, ಎರಡು ದವಡೆಗಳ ನಡುವೆ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಬೆಂಚ್ ವೈಸಿನ ಹಿಡಿ, ದವಡೆ ಅಲುಗದೆ ಅರ್ಧ ಸುತ್ತು ಸುಮ್ಮನೆ ತಿರುಗಿದರೆ ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಸ್ಕ್ರೂ ಸವೆದಿದೆ, ಗುಜರಿಗೆ ಹಾಕಿ ಹೊಸದು ತಗೊಳ್ಳಿ." ನನ್ನ 5 ಇಂಚಿನ ವೈಸ್ ನೋಡಿದವರೂ ಹಾಗೇ ಹೇಳಿದರು. ಅದು ಬಂದದ್ದೇ ಗುಜರಿಯಿಂದ ಎನ್ನುವುದು ಬೇರೆ ವಿಷಯ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಕಡೆ ಬಾಗಿಲು ಮುಚ್ಚಿದ ಸಣ್ಣ ವರ್ಕ್‌ಶಾಪೊಂದರ ಸಾಮಾನು ತೂಕದ ಲೆಕ್ಕದಲ್ಲಿ ಹೋಗುತ್ತಿತ್ತು, ಎತ್ತಿಕೊಂಡು ಬಂದೆ. 20 ಕೆಜಿ ಹತ್ತಿರ ತೂಗುವ ಬೀಡು, ಅಂದರೆ ಎರಕದ ಕಬ್ಬಿಣ. ಕಂಪನಿಯ ಹೆಸರಿಲ್ಲ, ಪಕ್ಕದಲ್ಲಿ 5 ಎಂಬ ಉಬ್ಬಿದ ಅಂಕಿ ಮಾತ್ರ. ಒಂದೇ ಒಂದು ಕಡೆಯೂ ಬಿರುಕಿರಲಿಲ್ಲ, ನಾನು ನೋಡಿದ್ದು ಅದನ್ನೇ. ಬೀಡು ಸವೆದರೆ ದಾರಿ ಇದೆ. ಬಿರುಕು ಬಿಟ್ಟ ಬೀಡನ್ನು ಸಾಮಾನ್ಯ ವೆಲ್ಡಿಂಗ್ ರಾಡಿನಲ್ಲಿ ಕೂಡಿಸಲು ಹೋದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ನಿಕ್ಕಲ್ ರಾಡು ಬೇಕು, ಮೊದಲು ನಿಧಾನವಾಗಿ ಕಾಯಿಸಿ ಆಮೇಲೆ ನಿಧಾನವಾಗಿ ಆರಿಸಬೇಕು. ಅದು ಮನೆಯ ಶೆಡ್ಡಿನಲ್ಲಿ ಆಗುವ ಕೆಲಸವಲ್ಲ.

ಹಿಡಿ ಸುಮ್ಮನೆ ತಿರುಗುವುದರಿಂದ ನನಗೇನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಹಿಡಿತದಲ್ಲಿ. 2 ಮಿ.ಮೀ. ತಗಡನ್ನು ದವಡೆಯ ಮೇಲಂಚಿನಲ್ಲಿ ಕಚ್ಚಿಸಿ ಹ್ಯಾಕ್ಸಾ ಹಾಕಿದರೆ ತಗಡು ಕಿರ್ ಎಂದು ಹಾಡುತ್ತಾ ಕೆಳಕ್ಕೆ ಇಳಿಯುತ್ತಿತ್ತು. ಇನ್ನಷ್ಟು ಬಿಗಿ ಮಾಡಿದರೆ ಇನ್ನೂ ಬೇಗ ಇಳಿಯುತ್ತಿತ್ತು. ಸ್ಕ್ರೂ ಎಷ್ಟೇ ಸವೆದಿರಲಿ, ಬಿಗಿ ಮಾಡಿದ ಮೇಲೆ ಅದು ಒಂದು ಮಗ್ಗುಲಿಗೆ ಒತ್ತಿಕೊಂಡು ನಿಲ್ಲುತ್ತದೆ, ಆಮೇಲೆ ಅಲ್ಲಿ ಆಟ, ಅಂದರೆ ಸಡಿಲ, ಇರುವುದಿಲ್ಲ. ಹಾಗಾದರೆ ಜಾರುವುದು ಯಾಕೆ?

ಇದಕ್ಕೆ ಎರಡು ಪಟ್ಟಿ ಕಾಗದದ ಪರೀಕ್ಷೆ ಇದೆ. ಒಂದನ್ನು ದವಡೆಗಳ ಮೇಲಂಚಿನಲ್ಲಿ, ಇನ್ನೊಂದನ್ನು ಪಕ್ಕದಿಂದ ಕೆಳಗೆ ತೂರಿಸಿ, ವೈಸ್ ಬಿಗಿ ಮಾಡಿ, ಎರಡನ್ನೂ ಎಳೆದು ನೋಡಿದೆ. ಕೆಳಗಿನದು ಹರಿದು ಕೈಗೆ ಬಂತು. ಮೇಲಿನದು ಪುಸ್ತಕದಿಂದ ಚೀಟಿ ತೆಗೆದ ಹಾಗೆ ಸಲೀಸಾಗಿ ಬಂತು. ದವಡೆಗಳು ಕೆಳಗಡೆ ಕಚ್ಚಿ ಮೇಲೆ ಬಾಯಿ ಬಿಡುತ್ತಿದ್ದವು.

ವೈಸಿನ ರಚನೆಯೇ ಹಾಗೆ. ನಾವು ಕೆಲಸ ಹಿಡಿಯುವುದು ಮೇಲೆ, ಸ್ಕ್ರೂ ಎಳೆಯುವುದು ಕೆಳಗೆ. ಮುಂದಿನ ದವಡೆ ತನ್ನ ಉದ್ದದ ಚೌಕ ಬಾಲವನ್ನು, ಅಂದರೆ ಸ್ಲೈಡನ್ನು, ಬಾಡಿಯೊಳಗೆ ತೂರಿಸಿಕೊಂಡು ಓಡುತ್ತದೆ. ಬಿಗಿ ಮಾಡಿದಾಗ ಕೆಲಸದ ತುಂಡು ಆ ದವಡೆಯ ತಲೆಯನ್ನು ಆಚೆಗೆ ತಳ್ಳುತ್ತದೆ, ಸ್ಕ್ರೂ ಕೆಳಗಿನಿಂದ ಈಚೆಗೆ ಎಳೆಯುತ್ತದೆ. ದವಡೆ ಹಿಂದಕ್ಕೆ ವಾಲಲು ನೋಡುತ್ತದೆ. ಅದನ್ನು ತಡೆಯುವುದು ಎರಡೇ ಜಾಗ: ಬಾಡಿಯ ಬಾಯಿಯ ಕೆಳ ತುಟಿ, ಮತ್ತು ಒಳಗೆ ಹಿಂಭಾಗದ ಮೇಲ್ಚಾವಣಿ. ವರ್ಷಗಟ್ಟಲೆ ಅಲ್ಲೇ ಒತ್ತಿ ಒತ್ತಿ ಆ ಎರಡು ಜಾಗ ಸವೆಯುತ್ತವೆ. ಅವುಗಳಿಗೆ ತಾಗುವ ಸ್ಲೈಡಿನ ಭಾಗವೂ ಸವೆಯುತ್ತದೆ. ಸಂದು ಅಳೆಯುವ ತೆಳು ಉಕ್ಕಿನ ಎಲೆಗಳನ್ನು, ಅಂದರೆ ಫೀಲರ್ ಗೇಜನ್ನು, ತೂರಿಸಿ ನೋಡಿದರೆ, ವೈಸ್ 1 ಇಂಚು ತೆರೆದಾಗ ಮೇಲೆ ಕೆಳಗೆ ಸೇರಿ 0.8 ಮಿ.ಮೀ. ಸಂದು. ಬಾಡಿಯೊಳಗೆ ಸ್ಲೈಡ್ ಕೂರುವ ಉದ್ದ 120 ಮಿ.ಮೀ., ದವಡೆಯ ತುದಿ ಅದಕ್ಕಿಂತ 90 ಮಿ.ಮೀ. ಎತ್ತರದಲ್ಲಿದೆ. ಲೆಕ್ಕ ಹಾಕಿದರೆ ಮೇಲಂಚಿನಲ್ಲಿ 0.6 ಮಿ.ಮೀ. ಬಾಯಿ ತೆರೆಯುತ್ತದೆ. ತಗಡು ಜಾರದೆ ಇನ್ನೇನು ಮಾಡೀತು?

ರಿಪೇರಿ ಶುರು ಮಾಡುವ ಮೊದಲೇ ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡೆ. ಹಿಡಿತಕ್ಕೆ ಸಂಬಂಧಪಟ್ಟದ್ದಕ್ಕೆ ಎಷ್ಟು ಹೊತ್ತು ಬೇಕಾದರೂ ಕೊಡುವುದು. ಕೈಗೆ ಕಿರಿಕಿರಿ ಮಾಡುವ ಆಟವನ್ನು ಸುಲಭವಾಗಿ ಹೋದರೆ ಕಳೆಯುವುದು, ಇಲ್ಲದಿದ್ದರೆ ಬಿಡುವುದು. ಜನ ಮಾಡುವುದು ಇದಕ್ಕೆ ಉಲ್ಟಾ. ಹೊಸ ಸ್ಕ್ರೂ ರಾಡು, ಅದು ತಿರುಗುವ ಹೊಸ ನಟ್ಟು ಅಂತ ಲೇತಿನವರಿಗೆ ದುಡ್ಡು ಸುರಿದು, ಕೊನೆಗೂ ಮೇಲೆ ಬಾಯಿ ಬಿಡುವ ವೈಸನ್ನೇ ಮನೆಗೆ ತರುತ್ತಾರೆ.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೀಮೆಎಣ್ಣೆ, ಡೀಸೆಲ್, ವೈರ್ ಬ್ರಷ್. ತುಕ್ಕು ಜಾಸ್ತಿ ಇದ್ದ ಸಣ್ಣ ಭಾಗಗಳನ್ನು ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ನೀರಿಗೆ ಹಾಕಿ ಬ್ಯಾಟರಿ ಚಾರ್ಜರಿನ ಮೈನಸ್ ಕೊಟ್ಟೆ, ಪ್ಲಸ್‌ಗೆ ಹಳೇ ಕಬ್ಬಿಣದ ಪಟ್ಟಿ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಕಟ್ಟಬಾರದು, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಸ್ಕ್ರೂ ರಾಡಿನ ಥ್ರೆಡ್ಡಿನೊಳಗೆ ಗ್ರೀಸು ಮತ್ತು ಅರದ ಪುಡಿ ಸೇರಿ ಕಲ್ಲಾಗಿತ್ತು. ಹಳೇ ಸ್ಕ್ರೂಡ್ರೈವರನ್ನು ಚೂಪು ಮಾಡಿ ಸುತ್ತಿಗೊಂದರಂತೆ ಕೆರೆದು ತೆಗೆದೆ. ಆ ಕಪ್ಪು ಮಸಿಯನ್ನು ಬೆರಳಿನಲ್ಲಿ ಉಜ್ಜಿದರೆ ಮರಳಿನ ಹಾಗೆ ಕೊರೆಯುತ್ತದೆ. ನಟ್ಟು ಸವೆಸಿದ್ದು ಇದೇ.

ದವಡೆಯ ಮುಖಕ್ಕೆ ಬಿಗಿದಿರುವ ಉಕ್ಕಿನ ಪಟ್ಟಿಗಳ, ಅಂದರೆ ಜಾ ಪ್ಲೇಟುಗಳ, ಸ್ಕ್ರೂಗಳು ಸತಾಯಿಸಿದವು. ಒಂದೊಂದು ಪ್ಲೇಟಿಗೆ ಎರಡೆರಡು, ತಲೆಯಲ್ಲಿ ಉದ್ದ ಸೀಳು, ಸೀಳಿನ ತುಂಬ ತುಕ್ಕು. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ಬುಡಕ್ಕೆ ಮೇಣ ಇಳಿಸಿದೆ. ಆಮೇಲೆ ನಮ್ಮ ಬೀದಿಯ ಬೈಕ್ ಮೆಕ್ಯಾನಿಕ್ ಹತ್ತಿರ ಹೋದೆ. ಸುತ್ತಿಗೆಯಲ್ಲಿ ಹೊಡೆದರೆ ತಾನೇ ಒಂದಿಷ್ಟು ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೈಕ್ ಮೆಕ್ಯಾನಿಕ್‌ಗಳ ಹತ್ತಿರ ಇದ್ದೇ ಇರುತ್ತದೆ, ಎಂಜಿನ್ ಕವರಿನ ಸ್ಕ್ರೂ ಬಿಚ್ಚಲು. "ಸಂಜೆ ಒಳಗೆ ವಾಪಸ್ ಕೊಡಿ ಸಾರ್" ಎಂದು ಕೊಟ್ಟರು. ಮೂರು ಸ್ಕ್ರೂ ಅದರ ಏಟಿಗೆ ಬಂದವು.

ನಾಲ್ಕನೆಯದು ಬೇರೆ ಕತೆ. ಈ ವೈಸಿನ ಸ್ಕ್ರೂಗಳೆಲ್ಲ 5/16 ಇಂಚಿನ ವಿಟ್‌ವರ್ತ್. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಮಾಡಿದ 55 ಡಿಗ್ರಿಯ ಥ್ರೆಡ್ ಅದು. ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಆದರೂ ಎರಕದ ಅಚ್ಚುಗಳು ಅಷ್ಟು ಬೇಗ ಬದಲಾಗಲಿಲ್ಲ, ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಈಗಲೂ ಇಂಚಿನ ಬೋಲ್ಟ್ ಸಿಗುತ್ತದೆ. 5/16 ಅಂದರೆ 7.94 ಮಿ.ಮೀ., ಮೆಟ್ರಿಕ್ ಅಳತೆಯ ಎಂ8 ಬೋಲ್ಟು 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ಥ್ರೆಡ್ಡಿನ ಅಂತರ ಒಂದರದ್ದು 1.41, ಇನ್ನೊಂದರದ್ದು 1.25. ಎಂ8 ಹಾಕಿದರೆ ಎರಡು ಸುತ್ತು ಒಳಗೆ ಹೋಗಿ ಮೂರನೆಯದಕ್ಕೆ ಕಚ್ಚಿಕೊಳ್ಳುತ್ತದೆ. ಹಿಂದೆ ಯಾರೋ ಪುಣ್ಯಾತ್ಮರು ಕಚ್ಚಿಕೊಂಡ ಮೇಲೂ ಬಿಡದೆ ತಿರುಗಿಸಿದ್ದರು. ಸ್ಕ್ರೂ ಕೊರೆದು ತೆಗೆದ ಮೇಲೆ ಒಳಗೆ ಥ್ರೆಡ್ ಎನ್ನುವುದೇ ಉಳಿದಿರಲಿಲ್ಲ. 10.2 ಮಿ.ಮೀ. ಡ್ರಿಲ್ ಹಾಕಿ, ಎಂ12 ಟ್ಯಾಪಿನಿಂದ ಥ್ರೆಡ್ ಕೊರೆದು, ಎಂ12 ಬೋಲ್ಟಿನ ತುಂಡೊಂದನ್ನು ಲಾಕ್‌ಟೈಟ್ ಅಂಟು ಹಚ್ಚಿ ತಿರುಗಿಸಿ, ತಲೆ ಸಮ ಮಾಡಿ, ಅದರ ನಡುವೆ ಮತ್ತೆ 6.5 ಡ್ರಿಲ್ ಹಾಕಿ 5/16 ಥ್ರೆಡ್ ಹೊಡೆದೆ. ಸುತ್ತ ಒಂದು ಮಿಲಿಮೀಟರಿನ ಗೋಡೆ ಉಳಿಯುತ್ತದೆ, ಈ ಕೆಲಸಕ್ಕೆ ಸಾಕು.

ಬೀಡಿನಲ್ಲಿ ಡ್ರಿಲ್ ಮಾಡುವುದು ನನಗೆ ಇಷ್ಟದ ಕೆಲಸ. ಎಣ್ಣೆ ಬೇಡ, ಸುರುಳಿ ಬರುವುದಿಲ್ಲ, ಕಪ್ಪು ಪುಡಿ ಉದುರುತ್ತದೆ ಅಷ್ಟೆ. ಒಳಗಿರುವ ಗ್ರಾಫೈಟೇ ಎಣ್ಣೆಯ ಕೆಲಸ ಮಾಡುತ್ತದೆ. ಕೈ, ಮೂಗು ಎಲ್ಲ ಪೆನ್ಸಿಲ್ ಪುಡಿಯ ಬಣ್ಣಕ್ಕೆ ತಿರುಗುತ್ತದೆ ಎನ್ನುವುದೊಂದೇ ತಕರಾರು.

ಮುಖ್ಯ ಕೆಲಸ ಸ್ಲೈಡಿನದು. ಸಂದು ತುಂಬಲು ಹಲವು ದಾರಿಗಳಿವೆ. ಸವೆದ ಜಾಗಕ್ಕೆ ಹಿತ್ತಾಳೆ ಬೆಸುಗೆ ತುಂಬಿ ಮಿಲ್ಲಿಂಗ್ ಮಾಡಿಸಬಹುದು, ಎಪಾಕ್ಸಿ ತುಂಬಬಹುದು. ನಾನು ಆರಿಸಿಕೊಂಡದ್ದು 0.5 ಮಿ.ಮೀ. ಹಿತ್ತಾಳೆ ಶೀಟು. ಬಾಯಿಯ ಕೆಳ ತುಟಿಯ ಮೇಲೆ ಹಾಸಿ, ಮುಂದಿನ ಅಂಚನ್ನು 90 ಡಿಗ್ರಿ ಕೆಳಕ್ಕೆ ಮಡಚಿ, ಬಾಡಿಯ ಮುಖಕ್ಕೆ ಎರಡು ಎಂ4 ಸ್ಕ್ರೂಗಳಲ್ಲಿ ಬಿಗಿದೆ. ಮುಂದೊಮ್ಮೆ ಸವೆದರೆ ಬಿಚ್ಚಿ ಹೊಸದು ಹಾಕಬಹುದು. ಒಳಗಿನ ಮೇಲ್ಚಾವಣಿಗೆ ಕೈ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ದವಡೆ ವಾಲುವುದು ಒಟ್ಟು ಸಂದಿನಿಂದ. ಆ ಸಂದನ್ನು ಯಾವ ತುದಿಯಲ್ಲಿ ಕಡಿಮೆ ಮಾಡಿದರೂ ವಾಲುವುದು ಕಡಿಮೆಯಾಗುತ್ತದೆ.

ಹಿತ್ತಾಳೆ ಹಾಸಿ ದವಡೆ ತೂರಿಸಿದಾಗ ನಿರೀಕ್ಷಿಸಿದ್ದೇ ಆಯಿತು. ಮೊದಲ 2 ಇಂಚು ನಯವಾಗಿ ಓಡಿತು. ಅದಕ್ಕಿಂತ ಹೆಚ್ಚು ತೆರೆದರೆ ಗಟ್ಟಿಯಾಗಿ ಸಿಕ್ಕಿಕೊಂಡಿತು. ವೈಸನ್ನು ದಿನವೂ ಬಳಸುವುದು ಒಂದೆರಡು ಇಂಚಿನ ಒಳಗೆ, ಸ್ಲೈಡ್ ಸವೆದಿರುವುದೂ ಅಷ್ಟೇ ಭಾಗದಲ್ಲಿ. ಅದರಾಚೆಯ ಭಾಗ ಎರಕದ ಅಂಗಡಿಯಿಂದ ಬಂದ ದಿನದಷ್ಟೇ ದಪ್ಪ. ಅಲ್ಲಿ ಸಂದು ಮೊದಲೇ 0.3 ಮಿ.ಮೀ. ಇತ್ತು, 0.5ರ ಶೀಟು ಅಲ್ಲಿ ಹೇಗೆ ಹಿಡಿಸೀತು? ದಪ್ಪ ಉಳಿದ ಭಾಗವನ್ನು ಅರದಲ್ಲಿ ಉಜ್ಜಿ ಸವೆದ ಭಾಗದ ಮಟ್ಟಕ್ಕೆ ತರಬೇಕು.

ತಮಾಷೆ ಏನೆಂದರೆ, ಹೀಗೆ ಅರ ಹಾಕಬೇಕಾದರೆ ವಸ್ತುವನ್ನು ವೈಸಿನಲ್ಲಿ ಹಿಡಿಯಬೇಕು. ಇದ್ದ ಒಂದೇ ವೈಸ್ ಬಿಚ್ಚಿ ಬಿದ್ದಿದೆ. ಮುಂದಿನ ದವಡೆಯನ್ನು ಮಗುಚಿ, ಸ್ಲೈಡಿನ ಹೊಟ್ಟೆ ಮೇಲೆ ಬರುವ ಹಾಗೆ ಮಲಗಿಸಿ, ಎರಡು ಕಡೆ ಮರದ ಬೆಣೆ ಬಡಿದು, ಸಿ ಕ್ಲ್ಯಾಂಪುಗಳಲ್ಲಿ ಮೇಜಿಗೆ ಕಟ್ಟಿದೆ. ಹಲವು ವಾರಾಂತ್ಯಗಳ ಕೆಲಸ ಅಲ್ಲಿಂದ ಶುರುವಾಯಿತು.

ಕ್ರಮ ಇಷ್ಟೆ. ಹಿತ್ತಾಳೆ ಶೀಟಿಗೆ ತೆಳುವಾಗಿ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚುವುದು. ದವಡೆ ತೂರಿಸಿ, ಸಿಕ್ಕಿಕೊಳ್ಳುವ ತನಕ ತಳ್ಳಿ, ಹಿಂದಕ್ಕೆ ಎಳೆಯುವುದು. ಸ್ಲೈಡಿನ ಹೊಟ್ಟೆಯ ಮೇಲೆ ನೀಲಿ ಎಲ್ಲಿ ಅಂಟಿದೆಯೋ ಅದು ಎತ್ತರದ ಜಾಗ. ಅಲ್ಲಿ ಮಾತ್ರ ಅರ ಹಾಕುವುದು, ಒರೆಸುವುದು, ಮತ್ತೆ ತೂರಿಸುವುದು. ಮೊದಲು 12 ಇಂಚಿನ ಬಾಸ್ಟರ್ಡ್ ಫೈಲಿನಲ್ಲಿ, ಅಂದರೆ ಒರಟು ಹಲ್ಲಿನ ಅರದಲ್ಲಿ, ದಪ್ಪಗೆ ತೆಗೆದೆ, ಮಟ್ಟ ಹತ್ತಿರ ಬಂದ ಮೇಲೆ ಅದಕ್ಕಿಂತ ನಯವಾದ ಸೆಕೆಂಡ್ ಕಟ್. ಮೊದಮೊದಲು ನೀಲಿ ಒಂದು ಮೂಲೆಯಲ್ಲಿ ಎರಡು ಚುಕ್ಕೆಯಾಗಿ ಬೀಳುತ್ತದೆ. ಆ ಎರಡು ಚುಕ್ಕೆಗಳೇ 20 ಕೆಜಿ ವೈಸನ್ನು ಅಲುಗಾಡದ ಹಾಗೆ ಹಿಡಿದಿರುತ್ತವೆ. ಅವನ್ನು ತೆಗೆದರೆ ಇನ್ನೆಲ್ಲೋ ನಾಲ್ಕು ಚುಕ್ಕೆ. ಹೀಗೆ ಹೋಗುತ್ತಾ ಹೋಗುತ್ತಾ ಒಂದು ಹೊತ್ತಿನಲ್ಲಿ ನೀಲಿ ಚುಕ್ಕೆಯಾಗಿ ಬೀಳುವುದು ಬಿಟ್ಟು ಮಬ್ಬು ಮಬ್ಬಾಗಿ ಅಗಲಕ್ಕೆ ಹರಡಿ ಬೀಳಲು ಶುರುವಾಗುತ್ತದೆ. ಆಗ ಅರ ಕೆಳಗಿಡಬೇಕು. ಅರಕ್ಕೆ ಆಗಾಗ ಸೀಮೆಸುಣ್ಣ ಉಜ್ಜಿಕೊಂಡರೆ ಹಲ್ಲಿನಲ್ಲಿ ಪುಡಿ ಕಟ್ಟುವುದಿಲ್ಲ. ಐಟಿಐನಲ್ಲಿ ಫಿಟ್ಟರ್ ಕಲಿತವರಿಗೆ ಇದೆಲ್ಲ ಮೊದಲ ವರ್ಷದ ಪಾಠ. ನನ್ನಂಥ ಕಂಪ್ಯೂಟರ್ ಮುಂದೆ ಕೂರುವವನಿಗೆ ಇದರಷ್ಟು ನೆಮ್ಮದಿಯ ಕೆಲಸ ಇನ್ನೊಂದಿಲ್ಲ.

ಕೊನೆಗೆ ದವಡೆ ಪೂರ್ತಿ 5 ಇಂಚು ತೆರೆಯುವ ತನಕ ಒಂದೇ ಸಮ ಓಡಿತು. ಒಟ್ಟು ಸಂದು 0.3ರ ಆಸುಪಾಸಿಗೆ ಬಂತು. ಅದಕ್ಕಿಂತ ಬಿಗಿ ಮಾಡಬಹುದಿತ್ತು, ಆದರೆ ನಾಳೆ ಒಂದಿಷ್ಟು ಅರದ ಪುಡಿ ಒಳಗೆ ಬಿದ್ದರೆ ಓಡದೆ ನಿಲ್ಲುತ್ತದೆ. ಇದು ವೈಸ್, ಲೇತಿನ ಕ್ಯಾರೇಜ್ ಅಲ್ಲ.

ಇನ್ನು ಹಿಡಿಯ ಆಟ. ಅರ್ಧ ಸುತ್ತು ಅಂದರೆ ಎಷ್ಟು ಮಿಲಿಮೀಟರ್? ಈ ರಾಡಿನದು 1 ಇಂಚು ವ್ಯಾಸದ ಚೌಕ ಥ್ರೆಡ್, ಇಂಚಿಗೆ ನಾಲ್ಕು. ಒಂದು ಸುತ್ತಿಗೆ ದವಡೆ 6.35 ಮಿ.ಮೀ. ಸಾಗುತ್ತದೆ, ಅರ್ಧ ಸುತ್ತಿಗೆ 3 ಮಿ.ಮೀ. ಚಿಲ್ಲರೆ. ಅಷ್ಟೂ ನಟ್ಟಿನಲ್ಲೇ ಸವೆದಿದ್ದರೆ ನಟ್ಟಿನ ಹಲ್ಲೇ ಉಳಿದಿರಬಾರದು! ಬಿಚ್ಚುವ ಮೊದಲೇ ಇದನ್ನು ನೋಡಿಕೊಂಡಿದ್ದೆ. ಹಿಡಿಯನ್ನು ಸಡಿಲ ಮಾಡುವ ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತಾ ರಾಡಿನ ತಲೆಯನ್ನು ಗಮನಿಸಬೇಕು. ರಾಡು ಸುತ್ತುತ್ತಿದೆ, ಆದರೆ ಮುಂದೆ ಬರುತ್ತಿಲ್ಲ ಎಂದರೆ ಆ ಆಟ ನಟ್ಟಿನದು. ರಾಡಿನ ತಲೆ ಮುಂದೆ ಬಂದು, ದವಡೆಯ ಮುಖಕ್ಕೂ ಅದಕ್ಕೂ ನಡುವೆ ಸಂದು ಕಂಡು, ಆಮೇಲೆ ದವಡೆ ಹಿಂಬಾಲಿಸಿದರೆ ಆ ಆಟ ಕಾಲರಿನದು, ಅಂದರೆ ರಾಡು ದವಡೆಗೆ ಕೂಡುವ ಜಾಗದ್ದು. ನನ್ನ ವೈಸಿನಲ್ಲಿ ಎರಡೂ ಸರಿಸಮ ಇದ್ದವು.

ಕಾಲರಿನದು ಸುಲಭದ ರಿಪೇರಿ. ದವಡೆಯ ಒಳಗಡೆ ರಾಡಿಗೆ ಒಂದು ವಾಷರ್ ಮತ್ತು ಒಂದು ಸ್ಪ್ಲಿಟ್ ಪಿನ್ ಇರುತ್ತದೆ. ಸಡಿಲ ಮಾಡುವಾಗ ದವಡೆಯನ್ನು ಎಳೆದು ತರುವುದು ಅವೇ. ವಾಷರ್ ಕಾಗದದಂತೆ ತೆಳುವಾಗಿತ್ತು. ಮುಂದಿನ ಕಡೆ, ಬಿಗಿ ಮಾಡುವಾಗ ಭಾರವೆಲ್ಲ ಬೀಳುವ ಜಾಗದಲ್ಲಿ, ಬರೀ ಬೀಡಿನ ಮೇಲೆ ಉಕ್ಕು ಉಜ್ಜಿ ತಗ್ಗು ಬಿದ್ದಿತ್ತು. ಅಲ್ಲಿಗೆ ಒಂದು ಗನ್‌ಮೆಟಲ್ (ಕಂಚು) ವಾಷರ್, ಒಳಗೆ ಒಂದು ದಪ್ಪ ಉಕ್ಕಿನ ವಾಷರ್ ಲೇತಿನಲ್ಲಿ ಮಾಡಿಸಿದೆ. ಕಾಲರಿನ ಆಟ ಅಲ್ಲಿಗೆ ಮುಗಿಯಿತು. ಕೆಲವರು ಇಲ್ಲಿ ಥ್ರಸ್ಟ್ ಬೇರಿಂಗ್ ಹಾಕುತ್ತಾರೆ. ಹಿಡಿ ಬೆಣ್ಣೆಯಂತೆ ತಿರುಗುತ್ತದೆ, ನಿಜ. ಆದರೆ ಬಿಗಿ ಮಾಡಿದ ವೈಸ್ ಬಿಗಿಯಾಗಿಯೇ ಉಳಿಯುವುದು ತಿಕ್ಕಾಟದಿಂದ. ಥ್ರೆಡ್ಡಿನ ಇಳಿಜಾರು 5 ಡಿಗ್ರಿ ಆಸುಪಾಸು ಇರುವುದರಿಂದ ಬೇರಿಂಗ್ ಹಾಕಿದರೂ ಬಿಚ್ಚಿಕೊಳ್ಳುವುದಿಲ್ಲವೇನೋ ಸರಿ, ಆದರೆ ಬೀಳುವ ಕಬ್ಬಿಣದ ಪುಡಿ ಬೇರಿಂಗಿಗೆ ಹೋಗದಂತೆ ಕಾಯುವುದು ಯಾರು?

ನಟ್ಟಿನ ಒಳಗಿನ ಹಲ್ಲು ಎಷ್ಟು ಉಳಿದಿದೆ ಎಂದು ಅಳೆಯುವುದು ಹೇಗೆ? ಕ್ಯಾಲಿಪರ್ ಒಳಗೆ ಹೋಗುವುದಿಲ್ಲ. ಥ್ರೆಡ್ಡಿಗೆ ಎಣ್ಣೆ ಸವರಿ, ಎಂ-ಸೀಲ್ ಕಲಸಿ, ಒಂದು ಮಗ್ಗುಲಿಗೆ ಮಾತ್ರ ಉದ್ದಕ್ಕೆ ಒತ್ತಿ ಬಿಟ್ಟೆ. ಗಟ್ಟಿಯಾದ ಮೇಲೆ ಕಿತ್ತರೆ ಬಾಚಣಿಗೆಯಂಥ ಅಚ್ಚು ಬಂತು. ಆ ಅಚ್ಚಿನ ಹಲ್ಲು 4.3 ಮಿ.ಮೀ. ಅಗಲ, ಅಂದರೆ ನಟ್ಟಿನ ಹಲ್ಲು ಉಳಿದದ್ದು 2.05. ಹೊಸದರಲ್ಲಿ 3.2 ಹತ್ತಿರ ಇದ್ದಿರಬೇಕು. ಅಚ್ಚಿನಲ್ಲಿ ಇನ್ನೊಂದು ವಿಷಯ ಸ್ಪಷ್ಟ ಕಂಡಿತು: ಹಲ್ಲಿನ ಒಂದು ಮಗ್ಗುಲು ಕನ್ನಡಿಯಂತೆ ಉಜ್ಜಿ ಹೋಗಿದೆ, ಇನ್ನೊಂದರ ಮೇಲೆ ಹಳೆಯ ಟೂಲಿನ ಗೆರೆಗಳು ಹಾಗೇ ಇವೆ.

ವಾಷರ್ ಮಾಡಿಸಲು ಹೋದಾಗ ಅಚ್ಚನ್ನೂ ನಟ್ಟನ್ನೂ ಲೇತ್ ಮೇಸ್ತ್ರಿಗೆ ತೋರಿಸಿದೆ. ಗದಗ ಕಡೆಯವರು, ಮೂವತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದರೂ ಮಾತು ಊರಿನದೇ. ಹೊಸ ನಟ್ಟಿಗೆ ಎಷ್ಟಾಗುತ್ತದೆ ಎಂದು ಕೇಳಿದೆ.

"ಯಾಕ ಬೇಕ್ರೀ ಸರ ಹೊಸಾದು? ಇದನ್ನ ತಿರುವಿ ಹಾಕ್ರಿ. ಸವದಿದ್ದು ಒಂದ ಮಗ್ಗಲ ಅಷ್ಟ."

"ತಿರುಗಿಸಿದರೆ ಥ್ರೆಡ್ ಉಲ್ಟಾ ಆಗಲ್ವಾ?"

ಅವರು ನಕ್ಕರು. ಪಕ್ಕದಲ್ಲಿದ್ದ ಯಾವುದೋ ನಟ್ಟನ್ನು ಬೋಲ್ಟಿಗೆ ಹಾಕಿ, ಬಿಚ್ಚಿ, ಮಗುಚಿ ಮತ್ತೆ ಹಾಕಿ ತೋರಿಸಿದರು. ಬಲಗೈ ಥ್ರೆಡ್ಡನ್ನು ಯಾವ ಕಡೆಯಿಂದ ನೋಡಿದರೂ ಬಲಗೈಯೇ. "ನೀವು ಹೊಸಾದು ಮಾಡ್ಸೂದ ಆದ್ರ ರಾಡೂ ಹೊಸಾದು ಮಾಡ್ಸಬೇಕ್ರಿ. ಹಳೇ ರಾಡ್ ನಡಕ ಸವದಿರತೈತಿ, ತುದಿಗೆ ಸವದಿರಂಗಿಲ್ಲ. ಹೊಸಾ ನಟ್ಟಿಗೆ ತುದ್ಯಾಗ ಬಿಗಿ, ನಡಕ ಲೂಜು." ಎರಡು ವಾಷರಿನ ಕೂಲಿ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ನನ್ನ ವೈಸಿನ ನಟ್ಟು ಬಾಡಿಯ ತೋಡಿನಲ್ಲಿ ಕೂರುವ ಉದ್ದ ದಿಮ್ಮಿ, ಕೆಳಗಿನಿಂದ ನಡುವಿಗೆ ಒಂದೇ ಬೋಲ್ಟು. ಹಾಗಾಗಿ ಹಿಂದುಮುಂದು ಮಾಡಿ ಕೂರಿಸಲು ಅಡ್ಡಿ ಇರಲಿಲ್ಲ. ಎಲ್ಲ ವೈಸುಗಳಲ್ಲೂ ಇದು ಆಗದು, ಕೆಲವದರಲ್ಲಿ ನಟ್ಟಿಗೆ ಒಂದು ಕಡೆ ಕಿವಿ ಇರುತ್ತದೆ. ಮಗುಚಿ ಹಾಕಿದರೆ ಆಟವೇನೂ ಕಡಿಮೆಯಾಗುವುದಿಲ್ಲ, ಆದರೆ ಭಾರ ಹೊರುವುದು ಹೊಸ ಮಗ್ಗುಲು.

ಉಳಿದ 2 ಮಿ.ಮೀ. ಹಲ್ಲು ತಡೆಯುತ್ತದೆಯೇ ಎಂಬ ಅನುಮಾನಕ್ಕೆ ಒಂದು ಲೆಕ್ಕ ಹಾಕಿಕೊಂಡೆ. ಹಿಡಿಯ ಮೇಲೆ 20 ಸೆಂ.ಮೀ. ದೂರದಲ್ಲಿ 20 ಕೆಜಿ ಒತ್ತಿದರೆ, ಕೈ ಒಂದು ಸುತ್ತಿಗೆ ಸುಮಾರು 1,257 ಮಿ.ಮೀ. ಸಾಗುತ್ತದೆ, ದವಡೆ 6.35. ಹೆಚ್ಚು ಕಡಿಮೆ 200 ಪಟ್ಟು, ಅಂದರೆ 4 ಟನ್. ತಿಕ್ಕಾಟ ಮುಕ್ಕಾಲು ಪಾಲು ನುಂಗಿದರೂ 1 ಟನ್ ಉಳಿಯುತ್ತದೆ. 60 ಮಿ.ಮೀ. ಉದ್ದದ ನಟ್ಟಿನಲ್ಲಿ ಒಂಬತ್ತು ಸುತ್ತು ಹಲ್ಲು, ಒಂದೊಂದರ ಬುಡ ಸುಮಾರು 160 ಚದರ ಮಿ.ಮೀ. ಭಾರವೆಲ್ಲ ಎರಡೇ ಸುತ್ತಿನ ಮೇಲೆ ಬಿದ್ದರೂ ಚದರ ಮಿಲಿಮೀಟರಿಗೆ 3 ಕೆಜಿ ಚಿಲ್ಲರೆ. ಸಾಧಾರಣ ಎಫ್‌ಜಿ 200 ದರ್ಜೆಯ ಬೀಡು ಎಳೆತದಲ್ಲಿ ಅಷ್ಟೇ ಜಾಗಕ್ಕೆ 20 ಕೆಜಿ ತಾಳುತ್ತದೆ. ಹೊಸ ನಟ್ಟಿನ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಇದೇ ಲೆಕ್ಕದಿಂದ ಇನ್ನೊಂದು ಮಾತು ಹೇಳಬೇಕು. ಹಿಡಿಗೆ ಎರಡಡಿ ಪೈಪ್ ತೂರಿಸಿ ಬಿಗಿ ಮಾಡುವವರು ಆ 1 ಟನ್ನನ್ನು 3 ಟನ್ ಮಾಡುತ್ತಿರುತ್ತಾರೆ. ನನ್ನ ವೈಸಿನ ಹಳೇ ಹಿಡಿ ಬಾಗಿ ಬಿಲ್ಲಾಗಿತ್ತು, ಹಿಂದೆ ಪೈಪ್ ಹಾಕಿದ್ದಕ್ಕೆ ಅದೇ ಸಾಕ್ಷಿ. ಹೊಸ ಹಿಡಿಗೆ ಬೇಕೆಂದೇ ಮೆತ್ತನೆಯ ಬ್ರೈಟ್ ಬಾರ್ ಉಕ್ಕಿನ ಸರಳು ಹಾಕಿದ್ದೇನೆ. ಅತಿಯಾಗಿ ಬಲ ಬಿದ್ದರೆ ಹಿಡಿ ಬಾಗಲಿ, ಬೀಡು ಒಡೆಯದಿರಲಿ.

ಜಾ ಪ್ಲೇಟುಗಳನ್ನು ಹೊಸದಾಗಿ ಮಾಡಿದೆ. ಹಳೆಯವು ನಡುವೆ ಅರ್ಧ ಮಿಲಿಮೀಟರ್ ಸವೆದು ಹೊಂಡವಾಗಿದ್ದವು. ಉಕ್ಕಿನ ಅಂಗಡಿಯಲ್ಲಿ ಓಎಚ್‌ಎನ್‌ಎಸ್ ಪಟ್ಟಿ ತುಂಡು ಮಾಡಿ ಕೊಡುತ್ತಾರೆ. ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುವ, ಹಾಗೆ ಆಗುವಾಗ ಹೆಚ್ಚು ಸೊಟ್ಟಗಾಗದ ಉಕ್ಕು ಅದು. ಹಳೇ ಪ್ಲೇಟನ್ನೇ ಅಚ್ಚಾಗಿ ಇಟ್ಟುಕೊಂಡು ತೂತು ಗುರುತು ಮಾಡಿ, ಕೌಂಟರ್‌ಸಿಂಕ್ ಹಾಕಿ, ಮುಖವನ್ನು ಸಪಾಟು ಮಾಡಿ ಎಲ್ಲ ಕೆಲಸ ಮುಗಿಸಿಕೊಂಡ ಮೇಲೆ ಬೆಂಕಿಗೆ ಇಟ್ಟೆ. ಇದ್ದಿಲು, ಕೆಳಗಿನಿಂದ ಹೇರ್ ಡ್ರೈಯರ್ ಗಾಳಿ. ಬಣ್ಣ ನೋಡಿ ಹೇಳುವ ಅನುಭವ ನನಗಿಲ್ಲ, ಅದಕ್ಕೇ ಆಯಸ್ಕಾಂತ. ಉಕ್ಕು 770 ಡಿಗ್ರಿ ಆಸುಪಾಸಿಗೆ ಬಂದರೆ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಬಿಟ್ಟ ಮೇಲೆ ಇನ್ನೊಂದು ಬಣ್ಣ ಏರುವ ತನಕ ಕಾಯಿಸಿ, ತುದಿಯಿಂದ ನೆಟ್ಟಗೆ ಎಣ್ಣೆಗೆ ಇಳಿಸಿದೆ. ಅಡ್ಡ ಇಳಿಸಿದರೆ ಬಾಳೆಕಾಯಿಯಂತೆ ಬಾಗುತ್ತದೆ. ಹೊರಗೆ ತೆಗೆದು ಅರ ಹಾಕಿದರೆ ಅರ ಕಚ್ಚದೆ ಗಾಜಿನ ಮೇಲೆ ಓಡಿದಂತೆ ಜಾರಬೇಕು. ಜಾರಿತು. ಆಗ ಅದು ಗಟ್ಟಿಯ ಜೊತೆಗೆ ಪೆಡಸೂ ಆಗಿರುತ್ತದೆ, ಕೆಳಗೆ ಬಿದ್ದರೆ ಒಡೆಯುತ್ತದೆ. ಚೆನ್ನಾಗಿ ತೊಳೆದು, ಮನೆಯ ಓಟಿಜಿ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಟ್ಟು ಪೆಡಸು ತೆಗೆದೆ. ಮುಖ ತಿಳಿ ಹುಲ್ಲಿನ ಬಣ್ಣಕ್ಕೆ ಬಂತು. ಆಮೇಲೆ ಒಂದು ವಾರ ಬ್ರೆಡ್ ಟೋಸ್ಟಿಗೆ ಎಂಜಿನ್ ಆಯಿಲ್ ವಾಸನೆ ಇದೆ ಎಂದು ಮನೆಯಲ್ಲಿ ದೂರು. ನನಗೇನೂ ಬರಲಿಲ್ಲ.

ಪ್ಲೇಟಿನ ಮುಖಕ್ಕೆ ಹಲ್ಲು ಕೊರೆಯಲಿಲ್ಲ. ಕಾರ್ಖಾನೆಯ ಕೆಲಸಕ್ಕೆ ಹಲ್ಲು ಬೇಕಾದೀತು. ಮನೆಯಲ್ಲಿ ಹಿಡಿಯುವುದು ಹಿತ್ತಾಳೆ ನಲ್ಲಿ, ಅಲ್ಯೂಮಿನಿಯಂ ಪಟ್ಟಿ, ಸೈಕಲ್ಲಿನ ಭಾಗ. ಅವುಗಳ ಮೇಲೆ ಹಲ್ಲಿನ ಗುರುತು ಬಿದ್ದರೆ ಹೋಗುವುದಿಲ್ಲ. ನುಣ್ಣಗಿನ ಗಟ್ಟಿ ಮುಖ, ಮಟ್ಟಸವಾಗಿ ಕೂತರೆ, ಬೇಕಾದಷ್ಟು ಹಿಡಿಯುತ್ತದೆ.

ಮಟ್ಟಸ ಅಂದೆ, ಆದರೆ ಪೂರ್ತಿ ಮಟ್ಟಸ ಕೂಡದು. ಎಷ್ಟೇ ಸರಿ ಮಾಡಿದರೂ 0.3ರ ಸಂದು ಇದ್ದೇ ಇದೆ, ಬಿಗಿ ಮಾಡಿದಾಗ ದವಡೆ ಒಂದಿಷ್ಟು ವಾಲಿಯೇ ವಾಲುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಪ್ಲೇಟು ಕೂರುವ ಬೀಡಿನ ಮುಖದ ಕೆಳಭಾಗವನ್ನು ಅರದಲ್ಲಿ ತುಸು ಹೆಚ್ಚು ತೆಗೆದೆ. ಈಗ ಬರಿಗೈಯಲ್ಲಿ ಮುಚ್ಚಿದರೆ ಮೇಲಂಚು ಮೊದಲು ತಾಗುತ್ತದೆ, ಹಿಂದೆ ಟಾರ್ಚ್ ಹಿಡಿದರೆ ಕೆಳಗೆ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಹಿಡಿ ಬಿಗಿ ಮಾಡುತ್ತಾ ಹೋದ ಹಾಗೆ ಆ ಬೆಳಕು ಮಾಯವಾಗುತ್ತದೆ. ಎರಡು ಪಟ್ಟಿ ಕಾಗದ ಮತ್ತೆ ಹಾಕಿದೆ. ಎರಡೂ ಹರಿದವು.

ವೈಸನ್ನು ಮೇಜಿಗೆ ಕೂರಿಸುವಾಗ ನೋಡಬೇಕಾದ್ದು ಎರಡು. ದವಡೆಯ ಮೇಲ್ಭಾಗ ನಿಂತವರ ಮೊಣಕೈ ಮಟ್ಟಕ್ಕಿರಬೇಕು. ಹಿಂದಿನ ದವಡೆಯ ಮುಖ ಮೇಜಿನ ಅಂಚಿಗಿಂತ ಒಂದು ಬೆರಳು ಮುಂದೆ ಇರಬೇಕು, ಆಗಲೇ ಉದ್ದನೆಯ ಸರಳನ್ನು ನೆಟ್ಟಗೆ ಕೆಳಕ್ಕೆ ಇಳಿಬಿಟ್ಟು ಹಿಡಿಯಲು ಆಗುವುದು. ಎಷ್ಟೋ ಮನೆಗಳಲ್ಲಿ ವೈಸ್ ಮೇಜಿನ ನಡುವೆ ಕೂತಿರುತ್ತದೆ, ಯಾಕೋ ತಿಳಿಯದು. ದವಡೆಗಳ ಕೆಳಗೆ ಸ್ಲೈಡಿನ ಮೇಲೆ ಹಳೇ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಹಾಸಿದ್ದೇನೆ, ಪುಡಿ ಅದರ ಮೇಲೆ ಬೀಳುತ್ತದೆ. ಸ್ಕ್ರೂಗೆ ಗ್ರೀಸ್ ಬದಲು ಆಗಾಗ ಎಣ್ಣೆ ಬಿಡುತ್ತೇನೆ. ಗ್ರೀಸು ಪುಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಣ್ಣೆ ಒರೆಸಿದರೆ ಹೋಗುತ್ತದೆ.

ಮೊದಲ ಗಿರಾಕಿ ಪಕ್ಕದ ಮನೆಯ ಅಜ್ಜಿ. ಅರ ಹಾಕುವ ಸದ್ದು ವಾರಗಟ್ಟಲೆ ಕೇಳಿಸಿಕೊಂಡಿದ್ದವರು, ಸದ್ದು ನಿಂತ ಮೇಲೆ ತುರಿಮಣೆ ಹಿಡಿದು ಬಂದರು. ಹಲ್ಲು ಮೊಂಡಾಗಿ ಕಾಯಿ ತುರಿಯುವ ಬದಲು ಜಜ್ಜುತ್ತಿತ್ತು. ತುರಿಮಣೆಯ ತೆಳು ಅಲಗನ್ನು ದವಡೆಯ ಮೇಲಂಚಿನಲ್ಲೇ ಹಿಡಿಯಬೇಕು, ಹಲ್ಲಿನ ಬುಡ ಮಾತ್ರ ಒಳಗೆ, ಇಲ್ಲದಿದ್ದರೆ ಅದುರುತ್ತದೆ. ಹಿಡಿದು ತ್ರಿಕೋನದ ಅರ ಹಾಕಿದೆ. ಕಿರ್ ಎನ್ನಲಿಲ್ಲ, ಕೆಳಕ್ಕೆ ಇಳಿಯಲಿಲ್ಲ. ಒಂದೊಂದು ಹಲ್ಲನ್ನೂ ಎರಡು ಮಗ್ಗುಲು ಉಜ್ಜಿ ಕೊಟ್ಟೆ. ಮರುದಿನ ಅಜ್ಜಿ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಗೇಟಿನ ಹತ್ತಿರ ಬಂದರು.

"ಅಷ್ಟೊಂದು ಚೂಪು ಮಾಡೂಂತ ಯಾರಪ್ಪ ಹೇಳಿದ್ದು ನಿಂಗೆ?" ಎಂದು ಬೈದು, ಕೈಯಲ್ಲಿದ್ದ ಈಳಿಗೆ ಮಣೆಯನ್ನು ಮುಂದೆ ಚಾಚಿದರು. "ಇದನ್ನ ಸ್ವಲ್ಪ ನಿಧಾನಕ್ಕೆ ನೋಡು."